ನಾಲ್ಕು ಗಂಟೆಯ ಹೊತ್ತು ನನ್ನದು

ದಿನಾ ನಡೆಯಲು ನಿಮಗೆ ಮನಸ್ಸು ಹೇಗೆ ಬರುತ್ತದೆ ಆಯಿ ಎಂದು ಹಾಸ್ಟೆಲಿನ ಹುಡುಗಿಯರು ನನ್ನನ್ನು ಕೇಳುತ್ತಾರೆ. ಅವರು ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೊ ನೋಡುತ್ತಾರೆ. ಸೋಮವಾರ ಶುರು ಮಾಡುತ್ತಾರೆ, ಗುರುವಾರದ ಹೊತ್ತಿಗೆ ಚಾಪೆ ಸುತ್ತಿ ಮಂಚದ ಕೆಳಗೆ ತಳ್ಳುತ್ತಾರೆ. ನನ್ನ ಹತ್ತಿರ ಏನೋ ಗುಟ್ಟಿದೆ ಎಂದುಕೊಂಡಿದ್ದಾರೆ. ಗುಟ್ಟೇನೂ ಇಲ್ಲ. ನನಗೆ ಒಂದು ದಿನವೂ ಮನಸ್ಸು ಬಂದಿಲ್ಲ. ಬರಲಿ ಎಂದು ಕಾದಿದ್ದರೆ ಇಷ್ಟು ಹೊತ್ತಿಗೆ ಔರಾದಿನಲ್ಲಿ ಮಗಳ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನೊಣ ಹೊಡೆಯುತ್ತಿದ್ದೆ. ರೊಟ್ಟಿ ಬಡಿಯಲು ಮನಸ್ಸು ಬರಲಿ ಎಂದು ಯಾರಾದರೂ ಕಾಯುತ್ತಾರೆಯೇ? ಹಸಿದವರು ತಟ್ಟೆ ಹಿಡಿದು ನಿಂತಿರುತ್ತಾರೆ, ನಾವು ಬಡಿಯುತ್ತೇವೆ. ನಡೆಯುವುದೂ ಅಷ್ಟೇ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆಯುವುದು ನನಗೆ ರೊಟ್ಟಿ ಬಡಿದಷ್ಟು ಸಲೀಸಲ್ಲ. ಆದರೂ ಈ ಹುಡುಗಿಯರಿಗೆ ಬಾಯಿಂದ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಬೀದರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ಅಡುಗೆಯವಳು. ಗಂಡ ತೀರಿಕೊಂಡ ವರ್ಷ ಸೇರಿದೆ, ಇನ್ನೂ ಬಿಟ್ಟಿಲ್ಲ. ಅಡುಗೆ ಕೆಲಸವೆಂದರೆ ಬೇಳೆ ಬೇಯಿಸುವುದು ಎಂದು ಜನ ತಿಳಿಯುತ್ತಾರೆ. ಬೇಳೆ ತನ್ನಷ್ಟಕ್ಕೆ ಬೇಯುತ್ತದೆ, ಅದರದೇನೂ ತಕರಾರಿಲ್ಲ. ತಕರಾರು ಉಳಿದದ್ದರದು. ಉಪ್ಪಿಟ್ಟು ಅರ್ಧ ಆಗಿರುವಾಗ ಸಿಲಿಂಡರ್ ಮುಗಿಯುತ್ತದೆ. ನಳದಲ್ಲಿ ನೀರು ಬರುವುದಿಲ್ಲ. ಜೊತೆಗೆ ಕೆಲಸ ಮಾಡುವ ಹೆಂಗಸು ಹೇಳದೆ ಕೇಳದೆ ಊರಿಗೆ ಹೋಗಿರುತ್ತಾಳೆ. ಕಾಲೇಜಿನ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿರುತ್ತದೆ. ಒಬ್ಬಳು ರೊಟ್ಟಿಯ ಸುಟ್ಟ ಅಂಚಿನ ಫೋಟೊ ತೆಗೆದು ಅಪ್ಪನಿಗೆ ಕಳಿಸುತ್ತಾಳೆ, ಅಪ್ಪ ವಾರ್ಡನ್ ಮೇಡಮ್ಮಿಗೆ ಫೋನ್ ಮಾಡುತ್ತಾನೆ, ಮೇಡಂ ನನ್ನ ಫೋನಿಗೆ ತಮ್ಮ ಧ್ವನಿಯನ್ನೇ ಕಳಿಸುತ್ತಾರೆ. ನಾನು ತಡವರಿಸಿ ಓದುತ್ತೇನೆಂದು ಮಾಡಿದ ಅನುಕೂಲ ಅದು. ಒಲೆಯ ಪಕ್ಕದಲ್ಲಿ ಆ ಧ್ವನಿ ಎಲ್ಲರಿಗೂ ಕೇಳುವಂತೆ ನನ್ನನ್ನು ಬೈಯುತ್ತದೆ. ಅದು ಮುಗಿದ ಮೇಲೆ ನಾನು ಸ್ಟೋರ್ ರೂಮಿಗೆ ಹೋಗಿ ಬೆಲ್ಲದ ಡಬ್ಬಿ ತೆಗೆಯುತ್ತಿದ್ದೆ. ಒಂದು ಚೂರು ಬಾಯಿಗೆ ಹಾಕಿದರೆ ಎದೆಬಡಿತ ಇಳಿದಂತಾಗುತ್ತಿತ್ತು. ಬೈಗುಳ ಹೆಚ್ಚಾದ ಹಾಗೆ ಚೂರು ದೊಡ್ಡದಾಯಿತು.

ಹೋದ ಮಳೆಗಾಲದ ಕೊನೆಗೆ ಒಂದು ಮಧ್ಯಾಹ್ನ, ಸಾರಿನ ಪಾತೆಲಿಯ ಒಂದು ಕಿವಿ ನಾನು ಹಿಡಿದಿದ್ದೆ, ಇನ್ನೊಂದು ಕಿವಿ ಜೊತೆಯವಳು ಹಿಡಿದಿದ್ದಳು. ನನ್ನ ಕಣ್ಣಿಗೆ ಕತ್ತಲೆ ಕಟ್ಟಿತು. ಕೈ ಬಿಟ್ಟೆ. ಸಾರು ನೆಲಕ್ಕೆಲ್ಲ ಹರಿಯಿತು. ತಟ್ಟೆ ಹಿಡಿದು ಬರುತ್ತಿದ್ದ ಒಬ್ಬ ಹುಡುಗಿ ಹಿಂದಕ್ಕೆ ಜಿಗಿದಳು. ಜಿಗಿಯದಿದ್ದರೆ ಅವಳ ಪಾದ ಬೇಯುತ್ತಿತ್ತು. ಅಂದು ಮೇಡಂ ಫೋನಿನಲ್ಲಿ ಬೈಯಲಿಲ್ಲ, ತಾವೇ ಬಂದರು. ಡಾಕ್ಟರಿಗೆ ತೋರಿಸಿರಿ, ಸರಿ ಇದ್ದೀರೆಂದು ಅವರು ಹೇಳಿದರೆ ಮಾತ್ರ ಒಲೆಯ ಹತ್ತಿರ ನಿಲ್ಲಿರಿ ಎಂದರು. ಅದು ತಪ್ಪು ಮಾತೆಂದು ನಾನು ಹೇಳುವುದಿಲ್ಲ. ಕುದಿಯುವ ಸಾರು ಯಾರ ಮುಖವನ್ನೂ ನೋಡುವುದಿಲ್ಲ.

ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ರಕ್ತ ತೆಗೆಸಿ ನೋಡಿ, ಸಕ್ಕರೆ ಬಹಳ ಏರಿದೆ, ಬಿಪಿಯೂ ಇದೆ ಎಂದಳು. ಗುಳಿಗೆ ಕೊಟ್ಟಳು. ಬೆಲ್ಲ ಬಿಡಿರಿ, ದಿನಾ ನಡೆಯಿರಿ ಎಂದಳು. ಬೆಳಗಿನಿಂದ ಅಡುಗೆಮನೆಯಲ್ಲಿ ಓಡಾಡುತ್ತಲೇ ಇರುತ್ತೇನಲ್ಲ, ಇನ್ನೇನು ನಡೆಯುವುದು ಎಂದು ನಾನು ಸಿಟ್ಟಿನಿಂದ ಕೇಳಿದೆ. ಅದು ಓಡಾಟ, ನಡಿಗೆಯಲ್ಲ, ಅಲ್ಲಿ ನೀವು ಉಸಿರು ಕಟ್ಟಿಕೊಂಡು ಓಡುತ್ತೀರಿ ಎಂದಳು. ಮೂರು ತಿಂಗಳ ಸಕ್ಕರೆ ತೋರಿಸುವ ಒಂದು ಪರೀಕ್ಷೆ ಇದೆಯಂತೆ. ಅದು ಇಳಿದರೆ ಮೇಡಮ್ಮಿಗೆ ಚೀಟಿ ಬರೆದುಕೊಡುತ್ತೇನೆ, ಇಳಿಯದಿದ್ದರೆ ಕೆಲಸ ಬಿಡುವುದೇ ಒಳ್ಳೆಯದು ಎಂದಳು. ಅಲ್ಲಿಯವರೆಗೆ ಕೂತು ರೊಟ್ಟಿ ಬಡಿಯಿರಿ, ಪಾತೆಲಿ ಎತ್ತಬೇಡಿರಿ ಎಂದು ಮೇಡಂ ಒಪ್ಪಿದರು.

ಸುದ್ದಿ ಕೇಳಿ ಔರಾದಿನಿಂದ ಮಗಳು ಬಂದಳು. ಅವಳಿಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾದ ಹಾಗಿತ್ತು.

“ಯವ್ವಾ, ಇನ್ನ ಸಾಕ ಮಾಡು. ನಿನಗಂತ ಒಂದ್ ಖೋಲಿ ಬಿಡಿಸೀನಿ. ಹೊತ್ತಿಗಿ ಸರಿಯಾಗಿ ಉಣ್ಣು, ಟಿವಿ ನೋಡು, ಸುಮ್ಮ ಕೂಡು.”

“ಸುಮ್ಮ ಕೂಡೋದು ಸತ್ತ ಮ್ಯಾಲ ಇದ್ದೇ ಅದ,” ಎಂದೆ.

ಮಗಳು ಕೆಟ್ಟವಳಲ್ಲ. ಅಳಿಯನೂ ಅಲ್ಲ. ಆದರೆ ಆ ಕೋಣೆಯನ್ನು ನಾನು ನೋಡಿದ್ದೇನೆ. ಕಿಟಕಿಯ ಹೊರಗೆ ಎದುರುಮನೆಯ ಗೋಡೆ. ನಾನು ಹದಿಮೂರಕ್ಕೆ ಹೊಲದ ಕೆಲಸಕ್ಕೆ ಹೋದವಳು. ಯಾರೋ ತಟ್ಟೆ ತಂದು ಮುಂದೆ ಇಟ್ಟು, ಯಾರೋ ತಟ್ಟೆ ಎತ್ತಿಕೊಂಡು ಹೋಗುವ ಬದುಕು ನನಗೆ ಬೇಡವಾಗಿತ್ತು. ಹಾಸ್ಟೆಲಿನ ಬೈಗುಳ ಬೇಕು ಎಂದಲ್ಲ. ಆ ಕೋಣೆ ಬೇಡ, ಅಷ್ಟೇ.

ಹಾಗೆ ನಡೆಯಲು ಶುರು ಮಾಡಿದೆ. ಬೆಳಿಗ್ಗೆ ಆಗದ ಮಾತು, ಎದ್ದ ಕೂಡಲೇ ಒಲೆ. ರಾತ್ರಿ ಕಾಲಲ್ಲಿ ಬಲ ಇರುವುದಿಲ್ಲ. ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ, ರಾತ್ರಿಯ ಅಡುಗೆಗೆ ಒಲೆ ಹಚ್ಚುವ ಮುಂಚೆ ಒಂದಿಷ್ಟು ಹೊತ್ತು ಸಿಗುತ್ತದೆ. ನಾಲ್ಕು ಗಂಟೆಯ ಸುಮಾರು. ಆ ಹೊತ್ತಿಗೆ ಹಾಸ್ಟೆಲಿನಿಂದ ಹೊರಬಿದ್ದು, ನಮ್ಮ ಗಲ್ಲಿ ದಾಟಿ, ಕಿಲ್ಲೆಯ ದಿಕ್ಕಿಗೆ ಹೋಗಿ ಬರುತ್ತಿದ್ದೆ.

ನಮ್ಮ ಕಡೆ ಮುದುಕಿ ಬರಿಗೈಯಲ್ಲಿ ನಡೆಯುವುದು ಸಣ್ಣ ವಿಷಯವಲ್ಲ. ನಡೆದು ಹೋಗುತ್ತಿದ್ದಾಳೆಂದರೆ ಯಾರೋ ಸತ್ತಿರಬೇಕು, ಇಲ್ಲವೇ ಯಾರೋ ಹೆತ್ತಿರಬೇಕು. ಎರಡೂ ಅಲ್ಲ ಎಂದರೆ ಸೊಸೆಯ ಜೊತೆ ಜಗಳವಾಗಿರಬೇಕು. ನನಗೆ ಸೊಸೆಯೇ ಇಲ್ಲ. ಎಲ್ಲಿಗೆ ಹೊರಟಿರಿ ಎಂದು ಪ್ರತಿ ಬಾಗಿಲು ಕೇಳಿತು. ಎಲ್ಲಿಗೂ ಇಲ್ಲ ಎಂದರೆ ನಂಬುವವರಿಲ್ಲ. ಸಕ್ಕರೆ ಕಾಯಿಲೆ ಎಂದು ಹೇಳಲು ನನಗೆ ಇಷ್ಟವಿರಲಿಲ್ಲ. ಒಮ್ಮೆ ಹೇಳಿದರೆ ಮುಗಿಯಿತು, ಅಲ್ಲಿಂದ ಮುಂದೆ ನನ್ನನ್ನು ಕಂಡವರೆಲ್ಲ ಕುರ್ಚಿ ಎಳೆಯುತ್ತಾರೆ. ಅದಕ್ಕೆ ಕೈಯಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದೆ. ಕ್ಯಾನು ನೋಡಿ ಜನ ಕೇಳುವುದನ್ನು ಬಿಟ್ಟರು. ಹಾಲಿಗೆ ಹೋಗುತ್ತಾಳೆ ಎಂದುಕೊಂಡರು.

ಕೇಳುವುದನ್ನು ಬಿಟ್ಟರು, ಕರೆಯುವುದನ್ನು ಬಿಡಲಿಲ್ಲ. ನಾಲ್ಕು ಗಂಟೆಗೆ ಬೀದರಿನಲ್ಲಿ ಚಹಾ ಕುದಿಯದ ಮನೆ ಯಾವುದಿದೆ? ಇದು ನನ್ನ ತಲೆಗೆ ಮೊದಲೇ ಹೊಳೆಯಬೇಕಿತ್ತು. ಬಳೆ ಅಂಗಡಿಯವಳು ಕರೆದಳು, ಕುಡಿದೆ. ನಿವೃತ್ತ ನರ್ಸಮ್ಮ ಕರೆದಳು, ಕುಡಿದೆ. ಗಲ್ಲಿಯ ಕೊನೆಯ ಮುಸಲ್ಮಾನರ ಮನೆಯಲ್ಲಿ ಆಪಾ ಇದ್ದಾಳೆ, ನನಗಿಂತ ಒಂದೆರಡು ವರ್ಷ ದೊಡ್ಡವಳು, ಆಪಾ ಎಂದರೆ ಅಕ್ಕ. ಅವಳ ಮಕ್ಕಳು ಕೆಳಗೆ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಅವಳು ಬಾಗಿಲ ಕಟ್ಟೆಯ ಮೇಲೆ ಕೂತು ರಸ್ತೆಯ ಲೆಕ್ಕ ನೋಡುತ್ತಿರುತ್ತಾಳೆ. ಅವಳ ಚಹಾ ಎಂದರೆ ಗಟ್ಟಿ ಹಾಲು, ಶುಂಠಿ, ಚಮಚ ನಿಲ್ಲುವಷ್ಟು ಸಕ್ಕರೆ. ಅದನ್ನೂ ಕುಡಿದೆ. ಸಣ್ಣ ಕಪ್ಪು ತಾನೇ, ನಡೆಯುತ್ತಿದ್ದೇನಲ್ಲ, ಕರಗುತ್ತದೆ ಎಂದುಕೊಂಡೆ. ಬೆಲ್ಲದ ಡಬ್ಬಿ ಮುಟ್ಟಿರಲಿಲ್ಲ, ಆ ಸೊಕ್ಕು ಬೇರೆ.

ತಿಂಗಳ ಮೇಲೆ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದಳು. ಸಕ್ಕರೆ ಮೊದಲಿಗಿಂತ ಮೇಲೆ. ನಡೆದಿಲ್ಲ ನೀವು ಎಂದಳು. ನನಗೆ ಮೈಯೆಲ್ಲ ಉರಿಯಿತು. ಚಪ್ಪಲಿ ತೆಗೆದು ಸವೆದ ಹಿಮ್ಮಡಿ ತೋರಿಸಿದೆ. ಅವಳು ನಕ್ಕಳು, ಮತ್ತೆ ಯಾವ ದಾರಿಯಲ್ಲಿ ಹೋಗುತ್ತೀರಿ, ಯಾರ ಜೊತೆ, ಎಲ್ಲಿ ನಿಲ್ಲುತ್ತೀರಿ ಎಂದು ಒಂದೊಂದೇ ಕೇಳಿದಳು. ನಾನು ಹೇಳುತ್ತಾ ಹೋದೆ. ಹೇಳುತ್ತಿರುವಾಗಲೇ ನನಗೆ ತಿಳಿಯಿತು. ಮೂರನೇ ಮನೆಯ ಚಹಾಕ್ಕೆ ಬರುವಷ್ಟರಲ್ಲಿ ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡೆ.

“ಅಮ್ಮಾ, ನೀವು ನಡೀಲಾಕ ಹೊಂಟಿಲ್ಲ, ಚಹಾ ಕುಡೀಲಾಕ ಹೊಂಟೀರಿ,” ಎಂದಳು.

ಬೇಡ ಎಂದರಾಯಿತು, ಅದಕ್ಕೇನು ಎಂದು ಓದುವವರಿಗೆ ಅನ್ನಿಸಬಹುದು. ನನಗೆ ಅದು ಅಷ್ಟು ಸುಲಭವಲ್ಲ. ನಾನು ಹುಟ್ಟಿದ್ದು ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ. ಅಜ್ಜನ ಕಾಲಕ್ಕೇ ನಮ್ಮವರು ಚರ್ಚಿಗೆ ಸೇರಿದ್ದರು. ಚರ್ಚಿಗೆ ಸೇರಿದರೂ ಊರಿನ ಲೆಕ್ಕದಲ್ಲಿ ನಾವು ಇದ್ದಲ್ಲೇ ಇದ್ದೆವು. ಅವ್ವ ರಾಶಿ ಮಾಡಲು ಹೋದ ಮನೆಯಲ್ಲಿ ನಮ್ಮ ಕಪ್ಪು ಹಿತ್ತಲ ಗೋಡೆಯ ಸಂದಿಯಲ್ಲಿ ಇರುತ್ತಿತ್ತು. ನಾವೇ ತೆಗೆದುಕೊಳ್ಳಬೇಕು, ನಾವೇ ತೊಳೆದು ಇಡಬೇಕು. ನೀರಾದರೆ ಕಪ್ಪೂ ಇಲ್ಲ, ಬೊಗಸೆ ಒಡ್ಡಬೇಕು, ಮೇಲಿನಿಂದ ಸುರಿಯುತ್ತಿದ್ದರು. ಅವ್ವನ ಕುಪ್ಪಸದ ತೋಳು ಮೊಣಕೈವರೆಗೂ ನೆನೆಯುತ್ತಿದ್ದದ್ದು ನನಗಿನ್ನೂ ಕಾಣುತ್ತದೆ. ಬೀದರಿಗೆ ಬಂದ ಮೇಲೆ, ತಮ್ಮ ಮನೆಯ ಕಪ್ಪಿನಲ್ಲಿ ತಾವೇ ತಂದು ಕೊಡುವವರ ಚಹಾವನ್ನು ನಾನು ಎಂದೂ ಬೇಡ ಅಂದವಳಲ್ಲ. ನನ್ನ ಮನೆಗೆ ಬಂದವರು ಬೇಡ ಅಂದರೆ ಬಿಟ್ಟವಳೂ ಅಲ್ಲ. ಚಹಾ ಬೇಡ ಎನ್ನುವವರು ಯಾತಕ್ಕಾಗಿ ಬೇಡ ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ದಾರಿ ಬದಲಿಸಿದೆ. ಗಲ್ಲಿ ಬಿಟ್ಟು ಜನವಾಡದ ರಸ್ತೆ ಹಿಡಿದೆ. ಅಲ್ಲಿ ಮನೆಗಳು ಕಡಿಮೆ. ಆದರೆ ಮೋಟರ್ ಸೈಕಲ್ಲುಗಳಿವೆ. ಊರಿಗೆ ಮರಳುವ ಗಂಡುಮಕ್ಕಳು ಮುದುಕಿ ನಡೆಯುವುದನ್ನು ಕಂಡು ಸುಮ್ಮನೆ ಹೋಗುತ್ತಾರೆಯೇ? ಬಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ.

“ಆಯೀ, ಕೂಡ್ರಿ, ಬಿಡ್ತೇನಿ.”

“ನೀ ಹೋಗಪಾ. ನಾ ನಡೀಲಾಕತ್ತೀನಿ.”

“ಅದ ಕಾಣ್ಲಾಕತ್ತದಲ್ರಿ. ಅದಕ್ಕೇ ಕೂಡ್ರಿ ಅಂದೆ.”

ಒಬ್ಬ ಹೋದರೆ ಇನ್ನೊಬ್ಬ. ಒಬ್ಬನಂತೂ ಗಾಡಿ ನಿಧಾನ ಮಾಡಿ ನನ್ನ ಜೊತೆಗೇ ಬಹಳ ದೂರ ಬಂದ. ಅವನಿಗೆ ನನ್ನನ್ನು ರಸ್ತೆಯಲ್ಲಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ, ನನಗೆ ಅವನ ಪೆಟ್ರೋಲ್ ಹೊಗೆ ಕುಡಿದು ಕೆಮ್ಮು ಬಂತು. ಒಳ್ಳೆಯತನ ತಪ್ಪಿಸಿಕೊಳ್ಳುವುದು ಕೆಟ್ಟತನ ತಪ್ಪಿಸಿಕೊಳ್ಳುವುದಕ್ಕಿಂತ ಕಷ್ಟ. ಎರಡು ದಿನ ನೋಡಿ ಮತ್ತೆ ಗಲ್ಲಿಗೇ ಬಂದೆ. ನನ್ನ ಗಲ್ಲಿಯಲ್ಲಿ ನಾನು ಕಳ್ಳಿಯ ಹಾಗೆ ಯಾಕೆ ಅಡಗಬೇಕು ಎಂದು ಸಿಟ್ಟು ಬಂದಿತ್ತು.

ಬಳೆಯವಳಿಗೂ ನರ್ಸಮ್ಮನಿಗೂ ಬೇಡ ಎಂದೆ. ಅವರು ಮುಖ ಸಣ್ಣ ಮಾಡಿದರು, ಬಿಟ್ಟರು. ಆಪಾ ಬಿಡಲಿಲ್ಲ. ಕಪ್ಪು ಬಸಿ ಕೈಯಲ್ಲಿ ಹಿಡಿದು ಕಟ್ಟೆಯಿಂದ ಇಳಿದು ಬಂದಳು. ಅವಳ ಮೊಣಕಾಲು ಕೆಟ್ಟಿದೆ, ಇಳಿಯುವುದೇ ಒಂದು ದೊಡ್ಡ ಕೆಲಸ. ಬೇಡ ಆಪಾ ಎಂದೆ. ಒಂದೇ ಗುಟುಕು ಎಂದಳು. ಒಂದು ಗುಟುಕೂ ಬೇಡ ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ, ಉಪ್ಪು ಖಾರ ಹಾಕದೆ ಮಾತಾಡುತ್ತದೆ. ಅವಳು ಅಲ್ಲೇ ನಿಂತಳು.

“ಕೈಕೂ ನಕ್ಕೋ? ಯಾಕ ಬ್ಯಾಡ? ಇಷ್ಟ ವರ್ಷ ಕುಡದಿ. ಈಗ ನಮ್ಮ ಮನಿ ಕಪ್ಪ ನಿನಗ ಬ್ಯಾಡ ಆಯ್ತೇನು?”

ಅವಳು ಕೇಳಿದ್ದು ಏನೆಂದು ನನಗೆ ಅರ್ಥವಾಯಿತು. ಗೋಡೆಯ ಸಂದಿಯ ಕಪ್ಪು ನೋಡಿ ಬೆಳೆದ ನನ್ನನ್ನೇ ಆ ಮಾತು ಕೇಳಿದಳು. ಸಿಟ್ಟು ಬಂತು, ಮುಂದೆ ನಡೆದುಬಿಟ್ಟೆ. ಆಮೇಲೆ ನಾನು ಹಾದುಹೋಗುವ ಹೊತ್ತಿಗೆ ಆಪಾ ಕಟ್ಟೆಯಿಂದ ಎದ್ದು ಒಳಗೆ ಹೋಗತೊಡಗಿದಳು.

ಅವೇ ದಿನಗಳಲ್ಲಿ ಹಾಸ್ಟೆಲಿನಲ್ಲಿ ಪರೀಕ್ಷೆಯ ಗಲಾಟೆ. ಹುಡುಗಿಯರು ಹೊತ್ತಲ್ಲದ ಹೊತ್ತಿಗೆ ಊಟ ಕೇಳುತ್ತಾರೆ, ಮೇಡಂ ನಿಮಿಷಕ್ಕೊಮ್ಮೆ ಫೋನಿನಲ್ಲಿ ಕೂಗುತ್ತಾರೆ. ಬೈಸಿಕೊಂಡು ಹೊರಗೆ ಬಂದರೆ ಗಲ್ಲಿಯಲ್ಲಿ ಮುಚ್ಚಿದ ಬಾಗಿಲು. ನಡೆದರೆ ಮನಸ್ಸು ಹಗುರಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಳು. ಸುಳ್ಳು. ನನ್ನ ಮನಸ್ಸು ಒಂದು ದಿನವೂ ಹಗುರಾಗಲಿಲ್ಲ. ಬೈಗುಳವನ್ನು ಹೊತ್ತುಕೊಂಡೇ ಹೋಗುತ್ತಿದ್ದೆ, ಹೊತ್ತುಕೊಂಡೇ ಬರುತ್ತಿದ್ದೆ. ಆದರೆ ಕಾಲುಗಳಿಗೆ ಬೈಗುಳ ಕೇಳಿಸುವುದಿಲ್ಲವಲ್ಲ, ಅವು ತಮ್ಮ ಪಾಡಿಗೆ ಹೋಗುತ್ತಿದ್ದವು. ಮೇಡಂ ಬೈದ ಮಾತಿಗೆ ನಾನು ಕೊಡಬೇಕಿದ್ದ ಉತ್ತರಗಳನ್ನೆಲ್ಲ ರಸ್ತೆಗೆ ಕೊಟ್ಟೆ. ಹಾದುಹೋಗುವವರು ಮುದುಕಿ ತನ್ನಷ್ಟಕ್ಕೆ ತಾನೇ ಮಾತಾಡುತ್ತದೆ ಎಂದು ತಿರುಗಿ ನೋಡಿದರು. ನೋಡಲಿ.

ಕ್ರಿಸ್ಮಸ್ ಮುಂಚೆ ಭಾಲ್ಕಿಯಲ್ಲಿ ತಂಗಿಯ ಮೊಮ್ಮಗಳ ಮದುವೆ ಬಂತು. ಹೋದೆ. ಮದುವೆಮನೆಯಲ್ಲಿ ನಾಲ್ಕು ಗಂಟೆಗೆ ಎದ್ದು ಹೊರಟದ್ದಕ್ಕೆ ಮಗಳು ಸೆರಗು ಹಿಡಿದು ಜಗ್ಗಿದಳು. ಬೀಗರು ನೋಡುತ್ತಾರೆ, ಏನೋ ಸಿಟ್ಟಾಗಿ ಹೋದಳು ಎಂದುಕೊಳ್ಳುತ್ತಾರೆ ಎಂದಳು. ಅಂದುಕೊಳ್ಳಲಿ ಎಂದು ಸ್ಟೇಷನ್ನಿಗೆ ಹೋಗಿ, ರೇಷ್ಮೆ ಸೀರೆಯಲ್ಲಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ. ಬೆಂಚಿನ ಮೇಲಿದ್ದ ಒಬ್ಬಳು ಯಾವ ಗಾಡಿಗೆ ಕಾಯುತ್ತಿದ್ದೀರಿ ಎಂದು ಕೇಳಿದಳು. ಯಾವ ಗಾಡಿಯೂ ಇಲ್ಲ ಎಂದೆ. ಅವಳು ತನ್ನ ಚೀಲ ಹತ್ತಿರ ಎಳೆದುಕೊಂಡಳು. ಮರಳಿ ಬಂದಾಗ ಮಗಳು ಲಾಡು ಇಟ್ಟ ತಟ್ಟೆ ಮುಂದೆ ಹಿಡಿದು, ಹೊಸ ವರ್ಷಕ್ಕೆ ಔರಾದಿಗೆ ಬಂದುಬಿಡು, ಹಾಸಿಗೆಯೂ ಹೊಸದು ತಂದಿದ್ದೇನೆ ಎಂದಳು. ಲಾಡೂ ತಿನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ.

ಬೀದರಿಗೆ ಬಂದ ಮಾರನೆಯ ದಿನ ಬಿಸಿಲು ಚುರುಕಾಗಿತ್ತು. ಕಿಲ್ಲೆಯ ಕಡೆಯಿಂದ ಮರಳುವಾಗ ಗಂಟಲು ಒಣಗಿತು. ಆಪಾ ಕಟ್ಟೆಯಿಂದ ಏಳಲು ಹೊರಟಿದ್ದಳು, ಮೊಣಕಾಲು ಒಪ್ಪದೆ ತಡವಾಯಿತು. ಅಷ್ಟರಲ್ಲಿ ನಾನು ಹೋಗಿ ಅವಳ ಪಕ್ಕದಲ್ಲೇ ಕೂತೆ.

“ಆಪಾ, ನೀರ ಕೊಡು.”

ಅವಳು ಎದ್ದಳು. ಒಳಗೆ ಹೋಗಿ ತಾನು ಕುಡಿಯುವ ಸ್ಟೀಲಿನ ಲೋಟದಲ್ಲೇ ತಂದಳು. ಅದರ ಮೇಲೆ ಅವಳ ಗಂಡನ ಹೆಸರು ಕೊರೆದಿದೆ. ನಮ್ಮ ಕಡೆ ಬೇರೆಯವರ ಮನೆಯ ನೀರನ್ನು ಲೋಟ ಎತ್ತಿ, ತುಟಿ ಸೋಕದ ಹಾಗೆ ಬಾಯಿಗೆ ಹೊಯ್ದುಕೊಳ್ಳುವವರೇ ಹೆಚ್ಚು. ನಾನು ಅವಳನ್ನೇ ನೋಡುತ್ತಾ ಲೋಟಕ್ಕೆ ತುಟಿ ಹಚ್ಚಿ ಕುಡಿದೆ, ತಳ ಕಾಣುವವರೆಗೆ. ಕುಡಿದು ಲೋಟವನ್ನು ಅವಳ ಕೈಗೇ ಕೊಟ್ಟು, ಇನ್ನೊಂದು ಎಂದೆ. ಅದನ್ನೂ ಹಾಗೇ ಕುಡಿದೆ. ಆಮೇಲೆ ಸಕ್ಕರೆಯ ಸಂಗತಿ, ಸಾರಿನ ಪಾತೆಲಿ, ಔರಾದಿನ ಕೋಣೆ, ಎಲ್ಲ ಹೇಳಿದೆ.

ಆಪಾ ನನ್ನ ಕ್ಯಾನನ್ನು ಬೆರಳಿನಿಂದ ತಟ್ಟಿದಳು.

“ಮತ್ತ ಇದ್ರಾಗ ಏನದ?”

“ಏನೂ ಇಲ್ಲ. ಮಂದಿ ಕೇಳಬಾರದಂತ ಹಿಡದೀನಿ.”

“ಥೂ ನಿನ್ನ. ಬ್ಯಾನಿ ಮುಚ್ಚಿಡ್ಲಾಕ ಕ್ಯಾನ ಹಿಡದಾಡ್ತಾರೇನು? ನನಗೂ ಸಕ್ಕರಿ ಅದ, ಗಲ್ಲಿಗೆಲ್ಲಾ ಹೇಳೀನಿ. ಯಾರ ಏನ ಮಾಡ್ಯಾರ ನನಗ?”

ಅವಳಿಗೂ ಸಕ್ಕರೆ ಇದೆ. ಆದರೂ ಚಮಚ ನಿಲ್ಲುವ ಚಹಾ ಬಿಡುವುದಿಲ್ಲ. ಅದು ಅವಳ ಇಷ್ಟ. ಕ್ಯಾನು ಅಂದಿನಿಂದ ಅವಳ ಕಟ್ಟೆಯ ಮೇಲೇ ಉಳಿಯಿತು, ಅವಳ ಸೊಸೆ ಅದರಲ್ಲಿ ಪುದೀನಾ ಹಾಕಿದ್ದಾಳೆ. ಮರುದಿನದ ಹೊತ್ತಿಗೆ ನನ್ನ ಕಾಯಿಲೆ ಇಡೀ ಗಲ್ಲಿಗೆ ಗೊತ್ತಾಗಿತ್ತು. ಕುರ್ಚಿ ಎಳೆದವರೂ ಇದ್ದರು. ಕೂರಲಿಲ್ಲ. ನೀರು ಕೊಟ್ಟವರ ನೀರು ಕುಡಿದೆ, ತುಟಿ ಹಚ್ಚಿಯೇ.

ಮೂರು ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಪೂರಾ ಅಲ್ಲ, ಆದರೆ ಒಲೆಯ ಮುಂದೆ ನಿಲ್ಲಬಹುದಾದಷ್ಟು ಎಂದು ಡಾಕ್ಟರಮ್ಮ ಚೀಟಿ ಬರೆದಳು. ಅದನ್ನು ಮೇಡಮ್ಮಿಗೆ ಕೊಟ್ಟೆ. ಅವರು ಓದಿ, ಛಲೋ ಆಯಿತು ಎಂದರು. ಮುಖದಲ್ಲಿ ನಿಜವಾಗಿಯೂ ಖುಷಿ ಇತ್ತು. ಅದೇ ಉಸಿರಿನಲ್ಲಿ, ಇನ್ನು ಮೇಲೆ ಹುಡುಗಿಯರಿಗೆ ನಾಲ್ಕು ಗಂಟೆಗೆ ಏನಾದರೂ ತಿಂಡಿ ಮಾಡಿಕೊಡಬೇಕು, ಪಾಲಕರು ಕೇಳುತ್ತಿದ್ದಾರೆ, ಆ ಹೊತ್ತು ನೀವು ಖಾಲಿಯೇ ಇರುತ್ತೀರಲ್ಲ ಎಂದರು.

ಮೂರು ತಿಂಗಳು ಈ ಕೆಲಸ ಉಳಿಸಿಕೊಳ್ಳಲು ನಡೆದಿದ್ದೆ. ಉಳಿಯಿತು ಎನ್ನುವಷ್ಟರಲ್ಲಿ ಕೆಲಸವೇ ಬಂದು ನಡೆಯುವ ಹೊತ್ತನ್ನು ಕೇಳುತ್ತಿತ್ತು. ಹೂಂ ಎಂದರೆ ಅವತ್ತಿಗೆ ಸುಖ. ಇಲ್ಲ ಎಂದರೆ ಚೀಟಿಯೂ ಹೋಗಬಹುದು, ಕೆಲಸವೂ ಹೋಗಬಹುದು, ಔರಾದಿನ ಹೊಸ ಹಾಸಿಗೆ ಕಾಯುತ್ತಲೇ ಇದೆ.

“ನಾಲ್ಕಕ್ಕ ನಾ ಇರಂಗಿಲ್ರಿ ಮೇಡಂ,” ಎಂದೆ.

“ಯಾಕ್ರಿ? ಎಲ್ಲಿ ಹೋಗ್ತೀರಿ?”

“ನಡೀಲಾಕ.”

“ನಿಮ್ಮನ್ನ ಇನ್ನೂ ಇಟ್ಕೊಂಡೀವಿ, ಅದ ತಿಳೀಬೇಕ್ರಿ ನೀವು.”

“ನಡದೀನಂತ ಇಟ್ಕೊಂಡೀರಿ. ನಡೆಯೋದು ಬಿಟ್ಟರ ಮತ್ತ ಪಾತೆಲಿ ಕೈ ಬಿಡ್ತದ, ಮತ್ತ ನೀವೇ ತೆಗೀತೀರಿ. ತೆಗೆಯೋದಿದ್ರ ಇವತ್ತ ತೆಗೀರಿ. ನಾಲ್ಕರ ಹೊತ್ತ ನನ್ನದು, ಅದ ಕೊಡಂಗಿಲ್ಲ.”

ಮೇಡಂ ಚೀಟಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅದನ್ನು ಹಿಡಿದುಕೊಂಡೇ ಒಳಗೆ ಹೋದರು. ಸಂಜೆಯವರೆಗೆ ನಾನು ಕೆಲಸದಲ್ಲಿ ಇದ್ದೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಾಲ್ಕಕ್ಕೆ ಚಪ್ಪಲಿ ಮೆಟ್ಟಿ ಹೋಗಿ ಬಂದೆ. ಮರಳಿದ ಮೇಲೆ ಫೋನು ಕೂಗಿತು. ಮೇಡಮ್ಮಿನ ಧ್ವನಿ ಮೊದಲಿನಷ್ಟೇ ಗಡಸು. ಮಧ್ಯಾಹ್ನದ ಊಟದ ಜೊತೆಗೇ ಚುರುಮುರಿಗೆ ಒಗ್ಗರಣೆ ಕೊಟ್ಟು ಡಬ್ಬಿಯಲ್ಲಿ ತುಂಬಿಡಿರಿ, ನಾಲ್ಕಕ್ಕೆ ಹುಡುಗಿಯರು ತಾವೇ ಹಂಚಿಕೊಳ್ಳಲಿ ಎಂದಿತು. ನಿನ್ನೆಯ ರೊಟ್ಟಿ ದಪ್ಪ ಇತ್ತು ಎಂದೂ ಹೇಳಿತು. ಇರಲಿಲ್ಲ.

ಮಗಳಿಗೆ ಫೋನ್ ಮಾಡಿ, ಆ ಹಾಸಿಗೆಯ ಮೇಲೆ ಮೊಮ್ಮಕ್ಕಳನ್ನು ಮಲಗಿಸು ಎಂದೆ. ಅವಳು ಮೊದಲು ಅತ್ತಳು, ಆಮೇಲೆ ಬೈದಳು. ಬೈಯುವಾಗ ಥೇಟ್ ನನ್ನ ಹಾಗೇ ಬೈಯುತ್ತಾಳೆ.

ಈಗ ಬೇಸಿಗೆ. ನಾಲ್ಕಕ್ಕೆ ರಸ್ತೆ ಹಂಚಿನ ಹಾಗೆ ಕಾದಿರುತ್ತದೆ. ಇವತ್ತೂ ಮನಸ್ಸಿರಲಿಲ್ಲ, ಹಿಮ್ಮಡಿ ಬಿರಿದಿದೆ, ಬೆಳಿಗ್ಗೆ ಸಿಲಿಂಡರ್ ಮುಗಿದು ಎಲ್ಲರಿಂದ ಬೈಸಿಕೊಂಡಿದ್ದೆ. ಸೆರಗು ತಲೆಗೆ ಹೊದ್ದು ಹೊರಟೆ. ಆಪಾ ಕಟ್ಟೆಯ ಮೇಲೆ ಗಂಡನ ಹೆಸರಿನ ಅದೇ ಲೋಟಕ್ಕೆ ನೀರು ತುಂಬಿಟ್ಟು, ಬಿಸಿಯಾಗ್ತದ ಲಗೂ ಬಾ ಎಂದು ಕೂಗಿದಳು. ಹೋಗಿ ಬರುವಾಗ ಕುಡಿಯುತ್ತೇನೆ ಎಂದು ಕೈ ಮಾಡಿ, ನಿಲ್ಲದೆ ಕಿಲ್ಲೆಯ ಕಡೆ ನಡೆದೆ.